709ರ ಬಳಿ ನಿಲ್ಲುವ ಮುಳ್ಳು: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಎತ್ತರದಲ್ಲಿ ನಿರ್ವಾತ ಪಂಪುಗಳನ್ನು ಕುರಿತು

1. ಪ್ರಶ್ನೆ

ಉಪಕರಣದ ಕೋಶಕ್ಕೆ ಜೋಡಿಸಿದ ರೋಟರಿ ಪಂಪು ಓಡುತ್ತಿದೆ. ಬೋರ್ಡನ್ ಗೇಜಿನ ಫಲಕದಲ್ಲಿ 0ಯಿಂದ 760 ಮಿ.ಮೀ. ಪಾದರಸದವರೆಗೆ ಗೆರೆಗಳಿವೆ. ಮುಳ್ಳು 709ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅರ್ಧ ಗಂಟೆ ಕಾದರೂ ಮುಂದೆ ಸರಿಯುವುದಿಲ್ಲ. ಇದನ್ನು ಸೋರಿಕೆ ಎಂದು ಓದಬೇಕೆ, ಪಂಪಿನ ಸವೆತ ಎಂದು ಓದಬೇಕೆ, ಅಥವಾ ಎರಡೂ ಅಲ್ಲವೆ? ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಮಟ್ಟಿಗೆ ಉತ್ತರ ಬಹುಶಃ ಮೂರನೆಯದು. ಆ ‘ಬಹುಶಃ’ ಎಷ್ಟು ದೊಡ್ಡದೆಂದು ಅಳೆದು ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

ಕೆಳಗಿನ ಒತ್ತಡ, ಕಾಲ ಮತ್ತು ಆವಿಯ ಅಂಕಿಗಳು ಲೆಕ್ಕದಿಂದ ಬಂದವು. ಅವು ಅಳತೆಗಳಲ್ಲ. ಎಲ್ಲಿ ಏನನ್ನು ಊಹಿಸಿಕೊಂಡಿದೆ ಎಂಬುದನ್ನು ಆಯಾ ಕಡೆಯೇ ಹೇಳಿದೆ.

2. ಹೆಸರು ಮತ್ತು ಮಾನಗಳು

ಆಕರಗಳನ್ನು ಹುಡುಕುವವರಿಗೆ ಮೊದಲ ತೊಡಕು ಊರಿನ ಹೆಸರೇ. ಔರಂಗಾಬಾದ್ ನಗರದ ಹೆಸರು ಬದಲಾಯಿಸಲು ಕೇಂದ್ರದ ಒಪ್ಪಿಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ಜಿಲ್ಲೆಗೂ ಕಂದಾಯ ವಿಭಾಗಕ್ಕೂ ಅದೇ ಹೆಸರು ಅಧಿಕೃತವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆದ್ದರಿಂದ ಆ ನಡುವಿನ ತಿಂಗಳುಗಳ ಕಾಗದಪತ್ರಗಳಲ್ಲಿ ಎರಡೂ ಹೆಸರು ಕಾಣುವುದು ಸಹಜ. ಅಲ್ಲಿನ ವಿಶ್ವವಿದ್ಯಾಲಯ 1958ರ ಆಗಸ್ಟ್ 23ರಂದು ಮರಾಠವಾಡ ವಿಶ್ವವಿದ್ಯಾಲಯವೆಂದು ಸ್ಥಾಪನೆಯಾಯಿತು. 1994ರ ಜನವರಿ 14ರಂದು ಅದಕ್ಕೆ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಹೆಸರು ಸೇರಿತು. ತೆಳುಪದರ ಲೇಪನದ ಹಳೆಯ ಪ್ರಬಂಧವೊಂದನ್ನು ಹುಡುಕುವವರು ಎರಡೂ ಹೆಸರುಗಳಲ್ಲಿ ಹುಡುಕಬೇಕಾಗುತ್ತದೆ.

ಮಾನಗಳ ಮಾತು ಇಷ್ಟೆ. 1 ಟಾರ್ ಎಂದರೆ ಪ್ರಮಾಣ ವಾಯುಭಾರವಾದ 1,01,325 ಪಾಸ್ಕಲ್‌ನ 760ನೆಯ ಒಂದು ಭಾಗ. 1 ಮಿ.ಮೀ. ಪಾದರಸಕ್ಕೂ 1 ಟಾರ್‌ಗೂ ಇರುವ ವ್ಯತ್ಯಾಸ ಒಂದು ಕೋಟಿಯಲ್ಲಿ ಒಂದೆರಡು ಪಾಲು ಮಾತ್ರ. ಇಲ್ಲಿ ಎರಡನ್ನೂ ಒಂದೇ ಎಂದು ಹಿಡಿದಿದೆ. ಹೆಕ್ಟೊಪಾಸ್ಕಲ್ (ಮುಂದೆ ಹೆ.ಪಾ.) ಮತ್ತು ಮಿಲಿಬಾರ್ ಸಂಖ್ಯೆಯಲ್ಲಿ ಸಮ.

3. ಸ್ಥಳೀಯ ವಾಯುಭಾರ

ನಾಸಿಕ್‌ನ ಎತ್ತರಕ್ಕೆ 565ರಿಂದ 600 ಮೀಟರಿನವರೆಗೆ ಬೇರೆ ಬೇರೆ ಅಂಕಿಗಳು ಬಳಕೆಯಲ್ಲಿವೆ. ಛತ್ರಪತಿ ಸಂಭಾಜಿನಗರಕ್ಕೆ 568 ಮೀಟರ್ ಎಂಬುದು ಹೆಚ್ಚು ಪ್ರಚಲಿತ. ಅಲ್ಲಿನ ಚಿಕಲ್‌ಠಾಣಾ ವಿಮಾನ ನಿಲ್ದಾಣದ ಎತ್ತರ ಅದಕ್ಕಿಂತ ಹತ್ತು ಮೀಟರಿಗೂ ಮೇಲೆ. ಇವುಗಳಲ್ಲಿ ಯಾವುದನ್ನೂ ತಪ್ಪೆನ್ನಬೇಕಾಗಿಲ್ಲ. ಗೋದಾವರಿಯ ದಂಡೆ, ಹಳೆಯ ಪೇಟೆ, ಊರಿನಿಂದ ದೂರವಿರುವ ನಾಸಿಕ್ ರೋಡ್ ರೈಲು ನಿಲ್ದಾಣದ ಹಳದಿ ಫಲಕ, ಓಝರ್‌ನ ವಿಮಾನ ನೆಲೆ, ಹೀಗೆ ಎಲ್ಲಿ ಅಳೆದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ.

ಪ್ರಮಾಣ ವಾಯುಮಂಡಲದ ಸೂತ್ರಕ್ಕೆ ಈ ಎತ್ತರಗಳನ್ನು ಹಾಕಿದರೆ 565 ಮೀಟರಿಗೆ 947.2 ಹೆ.ಪಾ. (710.5 ಟಾರ್), 580 ಮೀಟರಿಗೆ 945.5 ಹೆ.ಪಾ. (709.2 ಟಾರ್), 600 ಮೀಟರಿಗೆ 943.2 ಹೆ.ಪಾ. (707.5 ಟಾರ್) ಸಿಗುತ್ತದೆ. ಅಂದರೆ ಎತ್ತರದ ಕುರಿತ 35 ಮೀಟರಿನ ಭಿನ್ನಾಭಿಪ್ರಾಯ ಗೇಜಿನಲ್ಲಿ 3 ಟಾರ್ ಮಾತ್ರ. ಹೋಲಿಕೆಗೆ, 920 ಮೀಟರಿನ ಬೆಂಗಳೂರಿಗೆ ಇದೇ ಸೂತ್ರ 681 ಟಾರ್ ಕೊಡುತ್ತದೆ. ಕಡಲಂಚಿನ ಮಂಗಳೂರಿನಲ್ಲೂ ಮುಂಬಯಿಯಲ್ಲೂ ಅದು 760ರ ಹತ್ತಿರವೇ ಇರುತ್ತದೆ. ಕರಾವಳಿಯಲ್ಲಿ ಕೆಲಸ ಕಲಿತು ಘಟ್ಟ ಹತ್ತಿದ ತಂತ್ರಜ್ಞರಿಗೆ ಒಳ್ಳೆಯ ಪಂಪೂ ದುರ್ಬಲವಾಗಿ ಕಾಣಿಸುವುದಕ್ಕೆ ಈ ಅಂತರವೇ ಸಾಕು.

ಪ್ರಮಾಣ ವಾಯುಮಂಡಲ ಸಮುದ್ರಮಟ್ಟದಲ್ಲಿ 15° ಸೆ. ಉಷ್ಣತೆಯನ್ನು ಊಹಿಸುತ್ತದೆ. ಇದು ದಖ್ಖನ್ನಿನ ಹವೆಗೆ ಹೊಂದುವ ಊಹೆಯಲ್ಲ. ಬೆಚ್ಚಗಿನ ಗಾಳಿ ಹಗುರವಾದ್ದರಿಂದ ನಿಜವಾದ ಒತ್ತಡ ಸೂತ್ರ ಹೇಳುವುದಕ್ಕಿಂತ ತುಸು ಹೆಚ್ಚಿರಬೇಕು. ಇತ್ತ ಈ ಪ್ರದೇಶದ ಸಮುದ್ರಮಟ್ಟದ ಒತ್ತಡ ವರ್ಷದ ಬಹುಭಾಗ 1013.25ಕ್ಕಿಂತ ಕಡಿಮೆ ಇರುತ್ತದೆ. ಎರಡು ದೋಷಗಳು ಎದುರುಬದುರು ದಿಕ್ಕಿನವಾದ್ದರಿಂದ ಬಹಳಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ಸೂತ್ರದ ಉತ್ತರ ನಂಬಿಕೆಗೆ ಅರ್ಹವಾಗಿ ಕಾಣುವುದು ಈ ಕಾಕತಾಳೀಯದಿಂದ ಎಂಬುದನ್ನು ಮರೆಯುವಂತಿಲ್ಲ.

ಋತುಮಾನದ ಏರಿಳಿತ ಇದಕ್ಕಿಂತ ದೊಡ್ಡದು. ಸಮುದ್ರಮಟ್ಟದ ಒತ್ತಡವನ್ನು ಜನವರಿಗೆ 1014, ಜುಲೈಗೆ 1003 ಹೆ.ಪಾ. ಎಂದು ಹಿಡಿದು, ಆಯಾ ತಿಂಗಳಿಗೆ ತಕ್ಕ ಉಷ್ಣತೆಯೊಂದಿಗೆ 580 ಮೀಟರಿಗೆ ಲೆಕ್ಕ ಮಾಡಿದರೆ ಕ್ರಮವಾಗಿ ಸುಮಾರು 948 ಮತ್ತು 939 ಹೆ.ಪಾ. ಬರುತ್ತದೆ. ಗೇಜಿನ ಮೇಲೆ ಇದು 711 ಮತ್ತು 704. ಇದಲ್ಲದೆ ಉಷ್ಣವಲಯದ ವಾಯುಭಾರಕ್ಕೆ ದಿನಕ್ಕೆ ಎರಡು ಉಬ್ಬರವಿಳಿತಗಳಿವೆ: ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಶಿಖರ, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ತಗ್ಗು. ಇವುಗಳ ನಡುವಿನ ಅಂತರ 3–4 ಹೆ.ಪಾ. ಆಗುವುದುಂಟು. ನಾಸಿಕ್‌ನ ಎತ್ತರ 565 ಮೀಟರೊ 600 ಮೀಟರೊ ಎಂಬ ಚರ್ಚೆಯಷ್ಟೇ ವ್ಯತ್ಯಾಸ ಬೆಳಗಿನ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಡುವೆ ಇದೆ ಎಂದಾಯಿತು.

ಇಲ್ಲೊಂದು ಎಚ್ಚರ ಬೇಕು. ಹವಾಮಾನದ ವರದಿಗಳೂ ಮೊಬೈಲಿನ ಹವಾಮಾನ ಆ್ಯಪುಗಳೂ ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡವನ್ನು. ಪರದೆಯ ಮೇಲೆ 1008 ಹೆ.ಪಾ. ಕಂಡು ಅದನ್ನು 756 ಟಾರ್ ಎಂದು ಪರಿವರ್ತಿಸಿ ಗೇಜಿಗೆ ಹೋಲಿಸಿದರೆ ಇಲ್ಲದ ಸೋರಿಕೆಯೊಂದು ಹುಟ್ಟಿಕೊಳ್ಳುತ್ತದೆ. ಬೇಕಾಗಿರುವುದು ಕೋಣೆಯೊಳಗಿನ ಒತ್ತಡ. ಕೆಲವು ಮೊಬೈಲುಗಳೊಳಗೇ ಇರುವ ವಾಯುಭಾರ ಸಂವೇದಕ ಕೊಡುವುದು ಅದನ್ನೇ.

4. ಎತ್ತರ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಇಲ್ಲ

ಬೋರ್ಡನ್ ಗೇಜು ಅಳೆಯುವುದು ಹೊರಗಿನ ಮತ್ತು ಒಳಗಿನ ಒತ್ತಡಗಳ ಅಂತರವನ್ನು. ಹೊರಗೆ 709 ಟಾರ್ ಇದ್ದರೆ ಒಳಗೆ ಪೂರ್ಣ ನಿರ್ವಾತವಿದ್ದರೂ ಮುಳ್ಳು 709ನ್ನು ದಾಟಲಾರದು. ಇಂಚಿನ ಗೆರೆಗಳಿರುವ ಫಲಕದಲ್ಲಿ ಇದು 27.9, ಮೂವತ್ತನ್ನು ತಲುಪುವ ಪ್ರಶ್ನೆಯೇ ಇಲ್ಲ. ಗೇಜಿನ ಸ್ವಂತ ದೋಷ ಪೂರ್ಣ ಅಳತೆಯ ಶೇಕಡಾ ಒಂದೆರಡು ಪಾಲು ಇರುವುದು ಸಾಮಾನ್ಯ, ಎಂದರೆ 8ರಿಂದ 15 ಟಾರ್. ಹೀಗಾಗಿ ಮೇಲೆ ಹೇಳಿದ ಋತುಮಾನದ 7 ಟಾರ್ ಅದರಲ್ಲಿ ಮುಳುಗಿಹೋಗಬಹುದು. 760ಕ್ಕೂ 709ಕ್ಕೂ ನಡುವಿನ 51 ಟಾರ್ ಮಾತ್ರ ಮುಳುಗುವುದಿಲ್ಲ.

ಪಂಪು ಮಾಡುವ ಅವಧಿಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಸ್ಥಿರ ವೇಗವನ್ನು ಊಹಿಸಿದರೆ, ಅವಧಿಯು ಕೋಶದ ಗಾತ್ರವನ್ನು ಪಂಪಿನ ವೇಗದಿಂದ ಭಾಗಿಸಿ, ಮೊದಲ ಮತ್ತು ಕೊನೆಯ ಒತ್ತಡಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿದಷ್ಟು. 50 ಲೀಟರಿನ ಕೋಶ, ನಿಮಿಷಕ್ಕೆ 200 ಲೀಟರಿನ ಪಂಪು ಎಂದುಕೊಂಡರೆ 760ರಿಂದ 1 ಟಾರ್‌ಗೆ 99.5 ಸೆಕೆಂಡ್, 709ರಿಂದ 98.5 ಸೆಕೆಂಡ್. ಪ್ರಸ್ಥಭೂಮಿಯ ಲಾಭ ಒಂದೇ ಸೆಕೆಂಡ್. ಕೊಳವೆಯ ಅಡ್ಡಿ ಮತ್ತು ಗೋಡೆಯಿಂದ ಹೊರಬರುವ ಅನಿಲವನ್ನು ಸೇರಿಸಿದರೆ ನಿಜವಾದ ಅವಧಿ ಇದಕ್ಕಿಂತ ಬಹಳ ಹೆಚ್ಚು. ಆ ಒಂದು ಸೆಕೆಂಡ್ ಅದರೊಳಗೆ ಕಾಣಿಸುವುದೂ ಇಲ್ಲ.

ಆಮದು ಪಂಪುಗಳ ಕ್ಯಾಟಲಾಗಿನಲ್ಲಿ 50 ಮತ್ತು 60 ಹರ್ಟ್ಜ್‌ಗೆ ಬೇರೆ ಬೇರೆ ವೇಗಗಳಿರುತ್ತವೆ. ನೇರವಾಗಿ ಮೋಟಾರಿಗೆ ಜೋಡಿಸಿದ ಪಂಪಿನಲ್ಲಿ ಇವುಗಳ ಅನುಪಾತ ಹೆಚ್ಚುಕಡಿಮೆ 5:6. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ 200 ಲೀಟರಿನದಾದ ಪಂಪನ್ನು 60 ಹರ್ಟ್ಜ್‌ನ 240 ಲೀಟರೆಂದು ಓದಿಕೊಂಡರೆ ನಿರೀಕ್ಷಿತ ಅವಧಿ 83 ಸೆಕೆಂಡಿಗೆ ಇಳಿದು, 16 ಸೆಕೆಂಡಿನ ‘ಕೊರತೆ’ ಕಾಣಿಸಿಕೊಳ್ಳುತ್ತದೆ. ಎತ್ತರದ ಪರಿಣಾಮಕ್ಕಿಂತ ಕ್ಯಾಟಲಾಗಿನ ತಪ್ಪು ಸಾಲು ಓದಿದ್ದರ ಪರಿಣಾಮ ಹದಿನಾರು ಪಟ್ಟು ದೊಡ್ಡದು. ಬೆಂಗಳೂರಿನಲ್ಲಿ 1965ರಲ್ಲಿ ಆರಂಭವಾದ ಹಿಂದ್ ಹೈ ವ್ಯಾಕ್ಯೂಮ್‌ನಂಥ ದೇಶೀಯ ತಯಾರಕರ ಪಂಪುಗಳಲ್ಲಿ ಈ ಗೊಂದಲಕ್ಕೆ ಅವಕಾಶ ಕಡಿಮೆ.

5. ಮಳೆಗಾಲ ಮತ್ತು ಗ್ಯಾಸ್ ಬ್ಯಾಲಸ್ಟ್

ಎತ್ತರ ಕೆಡಿಸುವುದು ಓದನ್ನು ಮಾತ್ರ. ತೇವ ಪಂಪನ್ನೇ ಕೆಡಿಸುತ್ತದೆ. ಮೇ ಮಧ್ಯಾಹ್ನದ 40° ಸೆ. ಉಷ್ಣತೆ ಹಾಗೂ ಶೇ. 20 ಆರ್ದ್ರತೆಯಲ್ಲಿ ಗಾಳಿಯಲ್ಲಿರುವ ನೀರಾವಿಯ ಆಂಶಿಕ ಒತ್ತಡ ಸುಮಾರು 15 ಹೆ.ಪಾ. ಜುಲೈನ 27° ಮತ್ತು ಶೇ. 85ರಲ್ಲಿ ಅದು 30 ಹೆ.ಪಾ. ಎರಡು ಪಟ್ಟು. ನಾಸಿಕ್ ನಗರದ ಮಳೆ ಹೆಚ್ಚೇನಲ್ಲ. ಅದೇ ಜಿಲ್ಲೆಯ ಇಗತ್‌ಪುರಿಯಲ್ಲಿ ಸುರಿಯುವುದು ಅದರ ಹಲವು ಪಟ್ಟು. ಆದರೆ ಪಂಪಿಗೆ ಸಂಬಂಧಿಸಿದ್ದು ಮಳೆಯ ಮಿಲಿಮೀಟರುಗಳಲ್ಲ, ಕೋಣೆಯ ಗಾಳಿಯ ಆವಿ. ಈ ಎರಡನ್ನು ಬೆರೆಸಿ ಮಾತಾಡುವ ರೂಢಿಯಿದೆ.

ಎಣ್ಣೆಮುಚ್ಚಿದ ರೋಟರಿ ಪಂಪು ಒಳಗೆಳೆದ ಅನಿಲವನ್ನು ಹೊರಗಿನ ವಾಯುಭಾರಕ್ಕಿಂತ ತುಸು ಹೆಚ್ಚಿನ ಒತ್ತಡಕ್ಕೆ ಹಿಸುಕಿ ಕವಾಟದಿಂದ ಹೊರದೂಡುತ್ತದೆ. ಹಿಸುಕುವಾಗ ಆವಿಯ ಪಾಲು ಪಂಪಿನ ಉಷ್ಣತೆಗೆ ತಕ್ಕ ಸಂತೃಪ್ತ ಒತ್ತಡವನ್ನು ಮೀರಿದರೆ ನೀರು ಎಣ್ಣೆಯಲ್ಲಿ ಇಳಿಯುತ್ತದೆ. ಎಣ್ಣೆ ಹಾಲುಬಣ್ಣಕ್ಕೆ ತಿರುಗುತ್ತದೆ, ಕೊನೆಯ ಒತ್ತಡ ಮೇಲೇರುತ್ತದೆ. ಪರಿಹಾರವನ್ನು ವೋಲ್ಫ್‌ಗಾಂಗ್ ಗೇಡೆ 1935ರಲ್ಲೇ ಕೊಟ್ಟರು: ಹಿಸುಕುವ ಹಂತದಲ್ಲಿ ಹೊರಗಿನ ಗಾಳಿಯನ್ನು ಅಳತೆಯಿಂದ ಒಳಬಿಟ್ಟರೆ, ಆವಿ ಸಾಂದ್ರೀಕರಿಸುವ ಮೊದಲೇ ಕವಾಟ ತೆರೆಯುತ್ತದೆ. ಇದೇ ಗ್ಯಾಸ್ ಬ್ಯಾಲಸ್ಟ್. ಈ ಮೇಲ್ನೆಲದ ಮಳೆಗಾಲದಲ್ಲಿ ಬ್ಯಾಲಸ್ಟಿನ ಗಾಳಿಯೇ ತೇವವಾಗಿರುತ್ತದೆ ಎಂಬ ತೊಡಕನ್ನು ಬಳಕೆಯ ಕೈಪಿಡಿಗಳು ಒತ್ತಿಹೇಳುವುದು ಕಡಿಮೆ. ಅದನ್ನು ಅಂದಾಜು ಮಾಡಲು ಸಾಧ್ಯ.

ಊಹೆಗಳು ಹೀಗಿವೆ. ಬ್ಯಾಲಸ್ಟ್ ಹರಿವು ಪಂಪಿನ ವೇಗದ ಹತ್ತನೆಯ ಒಂದು ಭಾಗ. ಹೊರಗೆ 939 ಹೆ.ಪಾ.; ಕವಾಟ ತೆರೆಯುವುದು ಅದರ 1.1 ಪಟ್ಟಿನಲ್ಲಿ, ಕೋಣೆಯ ಗಾಳಿಯಲ್ಲಿ 30 ಹೆ.ಪಾ. ಆವಿ, ಅನಿಲಗಳ ಉಷ್ಣತೆಯ ತಿದ್ದುಪಡಿಯನ್ನು ಬಿಟ್ಟಿದೆ. ಪಂಪು ಸಾಂದ್ರೀಕರಣವಿಲ್ಲದೆ ಒಳಗೆಳೆಯಬಲ್ಲ ಶುದ್ಧ ನೀರಾವಿಯ ಗರಿಷ್ಠ ಒತ್ತಡ, ಪಂಪು 70° ಸೆ. ಇರುವಾಗ 36 ಹೆ.ಪಾ., 60°ಯಲ್ಲಿ 19 ಹೆ.ಪಾ., ಆಗಷ್ಟೇ ಚಾಲೂ ಮಾಡಿದ 30°ಯಲ್ಲಿ 0.9 ಹೆ.ಪಾ. ಮಾತ್ರ. ಅದೇ ಲೆಕ್ಕವನ್ನು ಸಮುದ್ರಮಟ್ಟದ 1013ಕ್ಕೆ ಮಾಡಿದರೆ 60°ಯ ಅಂಕಿ ಬಹುತೇಕ ಅಷ್ಟೇ ಉಳಿಯುತ್ತದೆ (18.4). ಮೇ ತಿಂಗಳ 15 ಹೆ.ಪಾ. ಆವಿಗೆ ಮಾಡಿದರೆ 20.5ಕ್ಕೆ ಏರುತ್ತದೆ. ಊರಿನ ಎತ್ತರದಿಂದ ಶೇ. 2, ಋತುವಿನಿಂದ ಶೇ. 10, ಪಂಪು ಬೆಚ್ಚಗಿದೆಯೊ ತಣ್ಣಗಿದೆಯೊ ಎಂಬುದರಿಂದ ನಲವತ್ತು ಪಟ್ಟು.

ಬ್ಯಾಲಸ್ಟ್ ತೆರೆದು, ಕೋಶದ ಕವಾಟ ಮುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಪಂಪನ್ನು ಸುಮ್ಮನೆ ಓಡಿಸುವ ಹಳೆಯ ಪದ್ಧತಿಗೆ ಈ ಲೆಕ್ಕ ಬೆಂಬಲ ಕೊಡುತ್ತದೆ. ಬ್ಯಾಲಸ್ಟ್ ತೆರೆದಿರುವಷ್ಟು ಹೊತ್ತೂ ಕೊನೆಯ ಒತ್ತಡ ಹದಗೆಡುತ್ತದೆ. ಆವಿಯ ಹೊರೆ ಕಳೆದ ಮೇಲೆ ಮುಚ್ಚಲು ಮರೆತರೆ ಗೇಜಿನಲ್ಲಿ ಇನ್ನೊಂದು ಹುಸಿ ಸೋರಿಕೆ ಕಾಣಿಸುತ್ತದೆ.

ಕೋಶದ ಗೋಡೆಯ ನೀರಿನದು ಬೇರೆಯೇ ಲೆಕ್ಕ. 40 ಸೆಂ.ಮೀ. ವ್ಯಾಸ, 40 ಸೆಂ.ಮೀ. ಎತ್ತರದ ಉರುಳೆಯಾಕಾರದ ಕೋಶದ ಗಾತ್ರ 50 ಲೀಟರ್, ಒಳಮೈ ಸುಮಾರು 7,500 ಚ.ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 10¹⁵ ಅಣುಗಳಂತೆ ಒಂದೇ ಒಂದು ಅಣುಪದರ ನೀರು ಅಂಟಿದ್ದರೂ ಅದು 0.23 ಟಾರ್-ಲೀಟರ್. ಅಷ್ಟೂ ಒಮ್ಮೆಗೇ ಬಿಡುಗಡೆಯಾದರೆ ಕೋಶದ ಒತ್ತಡ 4.6×10⁻³ ಟಾರ್ ಆಗುತ್ತದೆ. ಗುರಿ 10⁻⁶ ಟಾರ್ ಆಗಿದ್ದಲ್ಲಿ ಇದು ಅದರ ನಾಲ್ಕೂವರೆ ಸಾವಿರ ಪಟ್ಟು. ನಿಜವಾದ ಗೋಡೆಯಲ್ಲಿ ಪದರಗಳು ಒಂದಕ್ಕಿಂತ ಹೆಚ್ಚು, ಬಿಡುಗಡೆಯೂ ನಿಧಾನ. ಜುಲೈ ತಿಂಗಳಲ್ಲಿ ಕೋಶವನ್ನು ಒಣ ನೈಟ್ರೊಜನ್ನಿನಿಂದ ತುಂಬಿ ತೆರೆಯುವುದು, ತೆರೆದಿಡುವ ಹೊತ್ತನ್ನು ಮೊಟಕುಗೊಳಿಸುವುದು, ಇವುಗಳ ಫಲ ದೊಡ್ಡ ಪಂಪು ಕೊಳ್ಳುವುದರ ಫಲಕ್ಕಿಂತ ಹೆಚ್ಚಿರಬಹುದು.

6. ಎರಡು ಗೇಜುಗಳು ಒಪ್ಪದಿರುವುದು

ಹರ್ಬರ್ಟ್ ಮೆಕ್ಲಿಯೋಡ್ 1874ರಲ್ಲಿ ವಿವರಿಸಿದ ಗೇಜು ಅನಿಲವನ್ನು ಪಾದರಸದಿಂದ ಹಿಸುಕಿ ಬಾಯ್ಲ್‌ನ ನಿಯಮದ ಮೇಲೆ ಒತ್ತಡ ಹೇಳುತ್ತದೆ. ಹಿಸುಕುವಾಗ ನೀರಾವಿ ದ್ರವವಾಗಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಮಾರ್ಸೆಲ್ಲೊ ಪಿರಾನಿ 1906ರಲ್ಲಿ ತಂದ ಗೇಜು ಕಾದ ತಂತಿಯಿಂದ ಅನಿಲ ಒಯ್ಯುವ ಶಾಖವನ್ನು ಅಳೆಯುತ್ತದೆ; ಅದಕ್ಕೆ ಆವಿಯೂ ಕಾಣುತ್ತದೆ. ಪಾದರಸದ ಗೇಜನ್ನು ಇನ್ನೂ ಉಳಿಸಿಕೊಂಡಿರುವ ಪ್ರಯೋಗಾಲಯದಲ್ಲಿ ಮಳೆಗಾಲದ ಓದುಗಳು ಬೇರೆಯಾದರೆ, ಪಿರಾನಿ ಹೆಚ್ಚು, ಮೆಕ್ಲಿಯೋಡ್ ಕಡಿಮೆ ಎಂಬ ದಿಕ್ಕಿನಲ್ಲಿ, ಅದನ್ನು ದೋಷವೆನ್ನುವ ಬದಲು ಆವಿಯ ಒಂದು ಒರಟು ಅಳತೆ ಎಂದೇ ಓದಬಹುದು. ಪಿರಾನಿಯನ್ನು ಸಾಮಾನ್ಯವಾಗಿ ಗಾಳಿಗೆ ಅಥವಾ ನೈಟ್ರೊಜನ್ನಿಗೆ ಹೊಂದಿಸಿರುತ್ತಾರೆ. ಆರ್ಗಾನ್ ತುಂಬಿದ ಕೋಶದಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

7. ಬೇಸಿಗೆ, ವಿದ್ಯುತ್ತು

ಸಂಕ್ಷೇಪವಾಗಿ ಎರಡು ಮಾತು. ಗಾಳಿಯಿಂದ ತಣಿಯುವ ಪಂಪುಗಳಿಗೆ ಮೇ ತಿಂಗಳ 40°, 945 ಹೆ.ಪಾ. ಗಾಳಿ ಸಿಗುವುದು ಘನಮೀಟರಿಗೆ 1.05 ಕಿಲೋಗ್ರಾಂ ಸಾಂದ್ರತೆಯಲ್ಲಿ. ಸಮುದ್ರಮಟ್ಟದ 20°ಯಲ್ಲಿ ಅದು 1.20. ಶೇ. 13ರಷ್ಟು ಕೊರತೆಯಲ್ಲಿ ಅರ್ಧ ಎತ್ತರದ್ದು, ಅರ್ಧ ಸೆಕೆಯದು. ಟರ್ಬೊ ಪಂಪು ಮೇ ಮಧ್ಯಾಹ್ನ ಬಿಸಿಯ ಎಚ್ಚರಿಕೆ ಕೊಟ್ಟು ನಿಂತರೆ ಮೊದಲು ನೋಡಬೇಕಾದ್ದು ತಯಾರಕರು ಹೇಳಿದ ಕೋಣೆಯ ಉಷ್ಣತೆಯ ಮಿತಿಯನ್ನು.

2005ರಿಂದ ಕೆಲವು ವರ್ಷ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ವ್ಯಾಪಕವಾಗಿತ್ತು. ವಿದ್ಯುತ್ತು ಹೋದಾಗ ನಿಂತ ರೋಟರಿ ಪಂಪಿನೊಳಗಿನ ಎಣ್ಣೆಯನ್ನು ನಿರ್ವಾತವೇ ಕೋಶದ ಕಡೆಗೆ ಎಳೆದುಕೊಳ್ಳಬಲ್ಲದು. ಇದನ್ನು ತಡೆಯುವುದು ಪಂಪಿನ ಬಾಯಿಯ ಕವಾಟ ಮತ್ತು ವಿದ್ಯುತ್ತು ತಪ್ಪಿದೊಡನೆ ಕೊಳವೆಗೆ ಗಾಳಿ ಬಿಡುವ ಸೊಲೆನಾಯ್ಡ್. ಕೋಶಕ್ಕೂ ರೋಟರಿ ಪಂಪಿಗೂ ನಡುವೆ ಡಿಫ್ಯೂಷನ್ ಪಂಪು ಇದ್ದರೆ ಕ್ರಮ ಬದಲಾಗುತ್ತದೆ: ಮೊದಲು ಮೇಲಿನ ದೊಡ್ಡ ಕವಾಟ ಮುಚ್ಚಬೇಕು, ಏಕೆಂದರೆ ಬಿಸಿ ಎಣ್ಣೆಗೆ ಗಾಳಿ ತಾಗಬಾರದು. ಈ ಕ್ರಮವನ್ನು ಗೋಡೆಗೆ ಅಂಟಿಸಿದ ಹಾಳೆಯಿಂದ ಕತ್ತಲಲ್ಲಿ ಓದಲಾಗುವುದಿಲ್ಲವೆಂಬುದೂ ಗಮನಾರ್ಹ.

8. ಹಿಂಗೋಲಿ

ಇದೇ ಕಂದಾಯ ವಿಭಾಗದಲ್ಲಿ, ಛತ್ರಪತಿ ಸಂಭಾಜಿನಗರದಿಂದ ಪೂರ್ವಕ್ಕೆ ರಸ್ತೆಯಲ್ಲಿ 200 ಕಿಲೋಮೀಟರಿಗೂ ದೂರ, ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಲೈಗೊ-ಇಂಡಿಯಾ ಗುರುತ್ವ ತರಂಗ ವೀಕ್ಷಣಾಲಯದ ನೆಲೆಯಿದೆ; ನಿರ್ವಾತದ ಇವೇ ಪ್ರಶ್ನೆಗಳು ಅಲ್ಲಿ ಬಹಳ ದೊಡ್ಡ ಪ್ರಮಾಣದವು. ‘ಒಪ್ಪಿಗೆಯ ವರ್ಷ’ವೆಂದು 2016 ಮತ್ತು 2023 ಎರಡೂ ಉಲ್ಲೇಖವಾಗುತ್ತವೆ. ಕೇಂದ್ರ ಸಂಪುಟದ ತಾತ್ತ್ವಿಕ ಒಪ್ಪಿಗೆ 2016ರ ಫೆಬ್ರವರಿ 17ರದು. ಸುಮಾರು 2,600 ಕೋಟಿ ರೂಪಾಯಿಯ ಅಂತಿಮ ಮಂಜೂರಾತಿ 2023ರ ಏಪ್ರಿಲ್ 6ರದು. ಶಂಕುಸ್ಥಾಪನೆ ಅದೇ ವರ್ಷದ ಮೇ 11ರಂದು. ಮೂರು ಬೇರೆ ಘಟನೆಗಳು.

ಅಮೆರಿಕದ ಲೈಗೊ ವೀಕ್ಷಣಾಲಯಗಳ ಮಾದರಿಯಲ್ಲೇ ಇಲ್ಲಿಯೂ ತಲಾ 4 ಕಿ.ಮೀ. ಉದ್ದದ ಎರಡು ತೋಳುಗಳು. ಅಲ್ಲಿನ ಕೊಳವೆಯ ವ್ಯಾಸ ಸುಮಾರು 1.2 ಮೀಟರ್, ಒತ್ತಡ 10⁻⁹ ಟಾರ್ ಮಟ್ಟದ್ದು, ಗಾತ್ರ 10,000 ಘನಮೀಟರ್ ಎನ್ನುತ್ತಾರೆ. ವ್ಯಾಸ ಮತ್ತು ಉದ್ದಗಳಿಂದ ಕೊಳವೆಗಳ ಗಾತ್ರ 9,048 ಘನಮೀಟರ್ ಬರುತ್ತದೆ. ಉಳಿದದ್ದು ಕನ್ನಡಿಗಳ ಕೋಶಗಳದ್ದಿರಬೇಕು. ಮೊದಲ ಹಂತದಲ್ಲಿ ಟರ್ಬೊ ಪಂಪುಗಳು ಕೆಲಸ ಮಾಡಿದರೂ, ವೀಕ್ಷಣೆಯ ಕಾಲಕ್ಕೆ ತಿರುಗುವ ಭಾಗವಿಲ್ಲದ ಅಯಾನ್ ಪಂಪು ಹಾಗೂ ದ್ರವ ನೈಟ್ರೊಜನ್ನಿನ ಶೀತಪಂಪುಗಳೇ ಉಳಿಯುತ್ತವೆ. ಕಂಪನ ಅಲ್ಲಿ ಸೋರಿಕೆಯಷ್ಟೇ ಅನಪೇಕ್ಷಿತ. ಕೊಳವೆಗಳನ್ನು 150–170° ಸೆ.ಗೆ ಕಾಯಿಸಿ ವಾರಗಟ್ಟಲೆ ಇಟ್ಟದ್ದು ಐದನೆಯ ಭಾಗದಲ್ಲಿ ಹೇಳಿದ ಗೋಡೆಯ ನೀರನ್ನೂ ಲೋಹದೊಳಗಿನ ಅನಿಲವನ್ನೂ ಹೊರದೂಡಲು.

ಪಂಪು ಮಾಡಿದ ಅವಧಿಯನ್ನು ಲೈಗೊದ ಪರಿಚಯ ಬರಹಗಳಲ್ಲಿ 40 ದಿನವೆಂದೂ 1,100 ಗಂಟೆಯೆಂದೂ ಜೊತೆಜೊತೆಗೇ ಕೊಡುವುದುಂಟು. 40 ದಿನಗಳೆಂದರೆ 960 ಗಂಟೆ. 1,100 ಗಂಟೆಗಳೆಂದರೆ 45.8 ದಿನ. ‘ಸುಮಾರು’ ಎಂಬ ಪದ ಈ 140 ಗಂಟೆಗಳನ್ನು ಹೊರಬಲ್ಲದೆಂದು ತೋರುವುದಿಲ್ಲ. ಮೂಲ ಅಳತೆ ಗಂಟೆಗಳಲ್ಲಿದ್ದು ಅದನ್ನು ಓದುಗರಿಗಾಗಿ ದುಂಡಾಗಿಸಿದ್ದರೆ 45 ಎನ್ನಬೇಕಿತ್ತು. ದಿನಗಳಿಂದ ಗಂಟೆಗೆ ಹೋಗಿದ್ದರೆ 1,000ದ ಒಳಗೇ ನಿಲ್ಲಬೇಕಿತ್ತು. ಹಿಂಗೋಲಿಯ ಅವಧಿಯನ್ನು ಮುಂದೊಂದು ದಿನ ಇದರೊಂದಿಗೆ ಹೋಲಿಸುವವರು ಯಾವ ಅಂಕಿಯನ್ನು ಎತ್ತಿಕೊಂಡೆವೆಂದು ಬರೆದಿಡುವುದು ಒಳ್ಳೆಯದು.